ನೂರ ನಲವತ್ತನೇ ಮೀಟರಿನ ತಂಪು

ಆ ಒಂದು ಸಾಲು ಬರೆದಾಗ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಪ್ರೋಗ್ರಾಂ ಬರೆಯಬೇಡಿ ಅಂತ ಯಾವ ಪುಸ್ತಕದಲ್ಲೂ ಹೇಳಿಲ್ಲ. ಹೇಳಬೇಕಿತ್ತು.

ಎರಡು ಸಾವಿರದ ಐದನೇ ಇಸವಿ. ಪಿರಿಯಾಪಟ್ಟಣದಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಆಲದಕೊಪ್ಪಲಿನಲ್ಲಿ ಊರಿಗಿಂತ ಕೆರೆ ದೊಡ್ಡದು. ಆ ಕೆರೆಯ ಏರಿಯ ಉದ್ದಕ್ಕೂ, ಒಂದು ಮೀಟರ್ ಆಳದಲ್ಲಿ, ನಾನು ಗಾಜಿನ ಎಳೆಯ ಕೇಬಲ್ ಹೂಳಿಸಿದ್ದೆ. ಅದು ನನ್ನ ಪಿಎಚ್‌ಡಿ ಕೆಲಸ. ಎಳೆಯ ಒಂದು ತುದಿಯಿಂದ ಲೇಸರ್ ಬೆಳಕು ಬಿಟ್ಟರೆ, ದಾರಿಯ ಪ್ರತಿ ಮೀಟರಿನಿಂದಲೂ ಅದರ ಒಂದು ಚೂರು ವಾಪಸು ಬರುತ್ತದೆ. ಆ ಚೂರಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ನೋಡಿದರೆ ಅಲ್ಲಿಯ ಮಣ್ಣು ಎಷ್ಟು ಬೆಚ್ಚಗಿದೆ, ಎಷ್ಟು ತಣ್ಣಗಿದೆ ಎಂದು ಹೇಳಬಹುದು. ಬಣ್ಣಗಳನ್ನು ಬೇರ್ಪಡಿಸುವ ಗಾಜಿನ ಚಿಪ್ ಒಂದನ್ನು ಮೈಸೂರಿನ ನಮ್ಮ ಲ್ಯಾಬಿನಲ್ಲಿ ಎರಡು ವರ್ಷ ಒದ್ದಾಡಿ ನಾನೇ ಮಾಡಿದ್ದೆ. ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ, ಆದರೆ ಅದನ್ನು ಹಿಡಿದುಕೊಂಡು ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಕೆರೆಯ ನೀರು ಏರಿಯ ಮಣ್ಣಿಗಿಂತ ತಣ್ಣಗಿರುತ್ತದೆ. ಏರಿಯೊಳಗೆ ಎಲ್ಲಾದರೂ ನೀರು ಜಿನುಗತೊಡಗಿದರೆ ಅಲ್ಲಿಯ ಮಣ್ಣು ತಣ್ಣಗಾಗುತ್ತದೆ. ಹೊರಗೆ ಒದ್ದೆ ಕಾಣುವ ಎಷ್ಟೋ ದಿನ ಮೊದಲೇ ನನ್ನ ಕಂಪ್ಯೂಟರಿನ ಗೆರೆ ಅಲ್ಲಿ ಕೆಳಗೆ ಬೀಳುತ್ತದೆ, ಗಂಟೆ ಹೊಡೆಯುತ್ತದೆ. ಇಷ್ಟೇ ವಿದ್ಯೆ.

ಆಗಸ್ಟಿನ ಒಂದು ಮಂಗಳವಾರ ಗಂಟೆ ಹೊಡೆಯಿತು. ನೀರು ಬಿಡುವ ತೂಬಿನಿಂದ ನೂರ ನಲವತ್ತನೇ ಮೀಟರು. ನಾನು ಉಸಿರು ಬಿಡದೆ ಎಂಜಿನಿಯರ್ ವೀರಭದ್ರಸ್ವಾಮಿಯವರಿಗೆ ಫೋನ್ ಮಾಡಿದೆ. ಅವರು ಜೀಪು, ಮರಳಿನ ಚೀಲ, ಹತ್ತು ಆಳು ಕಟ್ಟಿಕೊಂಡು ಬಂದರು. ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಅಳೆದು ನೋಡಿದರೆ ನೂರ ನಲವತ್ತನೇ ಮೀಟರಿನಲ್ಲಿ ಇದ್ದದ್ದು ಏರಿ ಮಾರಮ್ಮನ ಗುಡಿ. ಆಳುಗಳು ಗುದ್ದಲಿ ಎತ್ತುವ ಹೊತ್ತಿಗೆ ಸರಿಯಾಗಿ ಐವತ್ತು ದಾಟಿದ ಹೆಂಗಸೊಬ್ಬಳು ತಲೆಯ ಮೇಲೆ ಕೊಡ ಹೊತ್ತು ಬಂದಳು. ಬೇವಿನ ಸೊಪ್ಪು, ಅರಿಸಿನ ಹಾಕಿದ ನೀರನ್ನು ದೇವಿಯ ಕಲ್ಲಿನ ಮೇಲೆ ಸುರಿದಳು. ನಮ್ಮ ಕಡೆ ಒಮ್ಮೆ ನೋಡಿ ಇನ್ನೊಂದು ಕೊಡಕ್ಕೆ ಹೋದಳು.

ಅವಳೇ ಚಿಕ್ಕಸಿದ್ದಮ್ಮ. ಪೂಜಾರಿ ಮನೆಯ ಸೊಸೆ. ಮಂಗಳವಾರ, ಶುಕ್ರವಾರ ಇಪ್ಪತ್ತೊಂದು ಕೊಡ ನೀರು ಹೊತ್ತು ಮಾರಮ್ಮನಿಗೆ ತಂಪೆರೆಯುವುದು ಅವಳ ಪಾಲಿನ ಸೇವೆ. ಆ ನೀರೆಲ್ಲ ಗುಡಿಯ ಮುಂದೆ ಇಂಗಿ ನೆಟ್ಟಗೆ ನನ್ನ ಕೇಬಲಿನ ಮೇಲೆ ಇಳಿಯುತ್ತಿತ್ತು.

"ಮೇಡಂ, ನಿಮ್ಮ ಲೇಸರು ಮಾರಮ್ಮನ ಸ್ನಾನ ಕಂಡುಹಿಡೀತು ಬಿಡಿ" ಎಂದರು ವೀರಭದ್ರಸ್ವಾಮಿ. ಆಳುಗಳು ನಕ್ಕರು. ಊರು ನಕ್ಕಿತು. ನಾನು ಬಸ್ಸು ಹತ್ತುವವರೆಗೂ ನಗು ಬೆನ್ನಿಗಿತ್ತು.

ಅವತ್ತೇ ಮೈಸೂರಿಗೆ ಬಂದು ಆ ಸಾಲು ಬರೆದೆ. ನೂರ ಮೂವತ್ತಾರರಿಂದ ನೂರ ನಲವತ್ನಾಲ್ಕನೇ ಮೀಟರಿನವರೆಗೆ ಏನೇ ಬಂದರೂ ತೋರಿಸಬೇಡ, ಗಂಟೆ ಹೊಡೆಯಬೇಡ. ನನ್ನ ಮೊದಲ ಪ್ರಬಂಧದಲ್ಲಿ ಅದನ್ನು ಹೆಮ್ಮೆಯಿಂದಲೇ ಬರೆದುಕೊಂಡೆ: ಸ್ಥಳೀಯ ಧಾರ್ಮಿಕ ಆಚರಣೆಯಿಂದ ಅಳತೆಯಲ್ಲಿ ಉಂಟಾಗುವ ಗದ್ದಲವನ್ನು ತೆಗೆದುಹಾಕಲಾಗಿದೆ. ನಾನು ಸಾಲಿಗ್ರಾಮದವಳು. ನನ್ನ ಅವ್ವನೂ ಮಾರಮ್ಮನಿಗೆ ತಂಪೆರೆದವಳೇ. ಅದನ್ನು ಗದ್ದಲ ಎಂದು ಬರೆಯುವಾಗ ನನ್ನ ಕೈ ಒಂದಿಷ್ಟೂ ತಡವರಿಸಲಿಲ್ಲ.

ಅಕ್ಟೋಬರಿನಲ್ಲಿ ಮಳೆ ಜಡಿದು ಕೆರೆ ತುಂಬಿ ಕೋಡಿ ಹರಿಯಿತು. ಆಮೇಲೆ ನಾಲ್ಕೈದು ದಿನ ಬಿಸಿಲು ಬಿತ್ತು. ಇಪ್ಪತ್ತೊಂದನೇ ತಾರೀಖು ಶುಕ್ರವಾರ ಬೆಳಗ್ಗೆ ಎಂದಿನಂತೆ ಹುಣಸೂರು ಮೇಲೆ ಬಸ್ಸು ಹಿಡಿದು ಬಂದೆ. ತೂಬಿನ ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಯಂತ್ರ ಇತ್ತು. ಅದರ ಬೀಗದ ಕೈ ಕೆರೆಯ ನೀರುಗಂಟಿ ಕರಿಯಯ್ಯನ ಸೊಂಟದಲ್ಲಿರುತ್ತಿತ್ತು. ನಲವತ್ತು ವರ್ಷದಿಂದ ತೂಬು ಎತ್ತಿ ಇಳಿಸಿ ಆ ಮನುಷ್ಯ ಕೆರೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವನಾಗಿರಲಿಲ್ಲ.

"ಎಲ್ಲ ಸರಿಯಾಗದಾ ಮೇಡಂ?" ಎಂದ.

ಪರದೆಯ ಮೇಲೆ ಗೆರೆ ಮಟ್ಟಸವಾಗಿತ್ತು. "ಸರಿಯಾಗಿದೆ ಕರಿಯಯ್ಯ" ಎಂದೆ. ವಾರದ ಅಂಕಿ ಅಂಶ ಇಳಿಸಿಕೊಂಡು, ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಹನ್ನೆರಡರ ಬಸ್ಸಿಗೆಂದು ತಗ್ಗಿನ ಬೀದಿಯ ಮೂಲಕ ಹೊರಟೆ. ಏರಿಯ ಬುಡಕ್ಕೇ, ಗುಡಿಯ ನೇರ ಕೆಳಗೆ ಇರುವ ಬೀದಿ ಅದು. ಮೂವತ್ತೆರಡು ಮನೆ. ಚಿಕ್ಕಸಿದ್ದಮ್ಮ ತಲೆಗೆ ಎಣ್ಣೆಯಿಲ್ಲದೆ, ಕೂದಲು ಕಟ್ಟದೆ ಜಗಲಿಯ ಮೇಲೆ ಕೂತಿದ್ದಳು.

ಸುಮ್ಮನೆ ಹೋಗಬಾರದೆಂದು ಮಾತಾಡಿಸಿದೆ. "ಏನಮ್ಮ, ಇವತ್ತು ಶುಕ್ರವಾರ. ತಂಪು ಆಯ್ತಾ?"

"ಎಲ್ಲಿ ತಂಪವ್ವ? ನಮಗೆ ಸೂತಕ ಅಲ್ವಾ. ನಮ್ ಭಾವ ಪೂಜಾರಿ ಮಾದೇವಪ್ಪ ಓಗ್ಬುಟ್ರು. ಇವತ್ಗೆ ಒಂಬತ್ತು ದಿಸ. ಅನ್ನೊಂದು ಕಳಿಯೋಗಂಟ ಗುಡಿ ಬಾಗ್ಲು ತೆಗ್ಯಂಗಿಲ್ಲ, ನಾವು ಅತ್ತಕಡೆ ತಲೆ ಆಕಂಗಿಲ್ಲ."

ಅಯ್ಯೋ ಎಂದೆ. ಹಿರಿಯರು, ಒಳ್ಳೆಯವರು ಎಂದು ಎರಡು ಮಾತಾಡಿ ಮುಂದೆ ನಡೆದೆ. ಹತ್ತು ಹೆಜ್ಜೆ ಹೋದ ಮೇಲೆ ಮನಸ್ಸಿಗೆ ಒಂದು ಕಳ್ಳ ಸಂತೋಷ ಹೊಳೆಯಿತು. ಇದನ್ನು ಬಚ್ಚಿಡುವುದಿಲ್ಲ. ಒಂಬತ್ತು ದಿನ ಗುಡಿಯ ಮುಂದೆ ಒಂದು ಕೊಡ ನೀರೂ ಬಿದ್ದಿಲ್ಲ. ಅಂದರೆ ಅಲ್ಲಿಯ ಮಣ್ಣು ಒಣಗಿ ಬೆಚ್ಚಗಾಗಿರಬೇಕು. ತಂಪಿಲ್ಲದ ದಿನಗಳ ಶುದ್ಧವಾದ ಗೆರೆ ಸಿಕ್ಕಿದರೆ ನನ್ನ ಥೀಸಿಸ್ಸಿಗೆ ಚೆಂದದ ಒಂದು ಚಿತ್ರವಾಗುತ್ತದೆ. ಒಂದು ಸಾವಿನ ಮನೆಯ ಎದುರು ನಿಂತು ನಾನು ಯೋಚಿಸಿದ್ದು ಇದನ್ನು. ಬಸ್ಸು ಹೋದರೆ ಹೋಗಲಿ ಎಂದು ತೂಬಿನ ಕೋಣೆಗೆ ವಾಪಸು ಬಂದೆ.

ಆ ಸಾಲನ್ನು ಅಳಿಸಿ ಪ್ರೋಗ್ರಾಂ ಓಡಿಸಿದೆ.

ಗೆರೆ ನೂರ ಮೂವತ್ತಾರನೇ ಮೀಟರಿನವರೆಗೆ ಇಪ್ಪತ್ತೈದೂವರೆ ಡಿಗ್ರಿಯಲ್ಲಿ ನೆಟ್ಟಗೆ ಬಂತು. ನೂರ ಮೂವತ್ತೇಳರಲ್ಲಿ ಧೊಪ್ಪನೆ ಕೆಳಗೆ ಬಿತ್ತು. ಇಪ್ಪತ್ತೆರಡು. ಕೆರೆಯ ನೀರು ಅವತ್ತು ಎಷ್ಟು ತಣ್ಣಗಿತ್ತೋ ಅಷ್ಟೇ. ನೂರ ನಲವತ್ಮೂರರಲ್ಲಿ ಮತ್ತೆ ಮೇಲೆ ಬಂತು. ನಾನು ಮುಚ್ಚಿದ್ದ ಜಾಗದೊಳಗೇ, ಅಳತೆ ಕೊಟ್ಟು ಹೊಲಿಸಿದ ಹಾಗೆ, ಅದು ಕೂತಿತ್ತು.

ಯಂತ್ರ ಕೆಟ್ಟಿರಬೇಕು ಎಂದುಕೊಂಡೆ. ಮತ್ತೆ ಓಡಿಸಿದೆ. ಅದೇ. ಹಿಂದಿನ ದಿನಗಳನ್ನು ಒಂದೊಂದಾಗಿ ತೆಗೆದೆ. ಮುಚ್ಚಿದ್ದು ನನ್ನ ಕಣ್ಣಿಗೆ ಮಾತ್ರ, ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಂಡೇ ಇತ್ತು. ಆಗಸ್ಟಿನಲ್ಲಿ ಮಂಗಳವಾರ, ಶುಕ್ರವಾರ ಒಂದೊಂದು ತಗ್ಗು, ಮಾರನೇ ದಿನಕ್ಕೆ ಮಣ್ಣು ಮತ್ತೆ ಬೆಚ್ಚಗೆ. ಸೆಪ್ಟೆಂಬರ್ ಇಪ್ಪತ್ಮೂರರವರೆಗೂ ಹಾಗೇ. ಅವತ್ತಿನಿಂದ ಮಣ್ಣು ಬೆಚ್ಚಗಾಗಿಯೇ ಇರಲಿಲ್ಲ. ನಾಲ್ಕು ವಾರ. ನಾಲ್ಕು ವಾರದಿಂದ ಏರಿಯೊಳಗೆ ಕೆರೆ ದಾರಿ ಮಾಡಿಕೊಳ್ಳುತ್ತಿತ್ತು, ನಾನು ಪ್ರತಿ ಶುಕ್ರವಾರ ಬಂದು ಎಲ್ಲ ಸರಿಯಾಗಿದೆ ಎಂದು ಹೇಳಿ ಹೋಗುತ್ತಿದ್ದೆ.

"ಕರಿಯಯ್ಯ!" ಎಂದು ಕಿರುಚಿದೆ.

ಅವನು ಗೆರೆಯನ್ನು ನೋಡಿ ತಲೆ ಕೊಡವಿದ. "ಇದು ನಂಗೆ ತಿಳಿಯಾಕಿಲ್ಲ. ಬನ್ನಿ, ನೆಲಾನೇ ಕೇಳ್ಮ" ಎಂದು ಹಾರೆ ತೆಗೆದುಕೊಂಡ.

ಗುಡಿಯ ಹಿಂದೆ, ಏರಿ ತಗ್ಗಿನ ಬೀದಿಗೆ ಇಳಿಯುವ ಕಡೆ, ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಬೇರೆಲ್ಲಾ ಕಡೆಗಿಂತ ಹಸಿರಾಗಿತ್ತು. ಕರಿಯಯ್ಯ ಹಾರೆಯನ್ನು ನೆಟ್ಟಗೆ ನಿಲ್ಲಿಸಿ ಕೈ ಬಿಟ್ಟ. ಯಾರೂ ಒತ್ತದೆ ಅದು ಅರ್ಧದಷ್ಟು ಒಳಗೆ ಇಳಿಯಿತು. ಹಾರೆ ಕಿತ್ತ ತೂತಿನಿಂದ ನೀರು ಉಕ್ಕಿತು. ಅದನ್ನು ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿದ.

"ತಿಳಿನೀರು ಬಂದಿದ್ರೆ ಅಂಜ್ತಿರ್ನಿಲ್ಲ ಕಣ್ರವ್ವ. ಬಗ್ಗಡ ಬತ್ತಾ ಅದೆ. ಮಣ್ಣ ತಿನ್ಕಂಡು ಬತ್ತಾ ಅದೆ" ಎಂದ. ಅವನ ಬೊಗಸೆಯಲ್ಲಿ ನೀರು ರಾಗಿ ಅಂಬಲಿಯ ಬಣ್ಣಕ್ಕಿತ್ತು.

ಏರಿಯ ಮೇಲೆ ಕೋಡಿಯ ಕಡೆ ಹೋದರೆ ಮಾತ್ರ ಫೋನಿಗೆ ಎರಡು ಗೀಟು ಸಿಗ್ನಲ್ ಬರುತ್ತಿತ್ತು. ಓಡಿದೆ. ವೀರಭದ್ರಸ್ವಾಮಿ ಹುಣಸೂರಿನಲ್ಲಿ ಮೀಟಿಂಗಿನಲ್ಲಿದ್ದರು.

"ಮೇಡಂ, ಇವತ್ತು ಶುಕ್ರವಾರ ತಾನೆ?" ಎಂದರು. ನಗು ದನಿಯಲ್ಲೇ ಇತ್ತು.

"ಪೂಜಾರಿ ಮನೆಗೆ ಸೂತಕ ಸಾರ್. ಒಂಬತ್ತು ದಿನದಿಂದ ಯಾರೂ ನೀರು ಹಾಕಿಲ್ಲ. ಹಾರೆ ತಾನಾಗಿ ಇಳೀತು. ಬಗ್ಗಡ ಬರ್ತಿದೆ."

ಆ ಕಡೆ ಕುರ್ಚಿ ಸರಿದ ಸದ್ದು. "ಕರಿಯಯ್ಯನಿಗೆ ಪೂರ್ತಿ ತೂಬು ಎತ್ತಕ್ಕೆ ಹೇಳಿ, ನನ್ನ ಆರ್ಡರ್ ಅಂತ ಹೇಳಿ. ತಗ್ಗಿನ ಬೀದಿ ಜನಾನ ಮೊದಲು ಎಬ್ಬಿಸಿ. ನಾನು ಬರ್ತಾ ಇದೀನಿ. ಒಂದೂವರೆ ಗಂಟೆ ಬೇಕು."

ಆಗ ಹನ್ನೆರಡೂ ಮುಕ್ಕಾಲು. ಕರಿಯಯ್ಯ ತೂಬು ಎತ್ತಿದ. ಆದರೆ ಅಷ್ಟು ದೊಡ್ಡ ಕೆರೆಗೆ ಆ ತೂಬು ಎಷ್ಟರದು? ಒಂದು ಗಂಟೆಯಲ್ಲಿ ನಾಲ್ಕು ಬೆರಳು ನೀರೂ ಇಳಿಯುವುದಿಲ್ಲ. ಜನ ಏಳಬೇಕು, ಬೇರೆ ದಾರಿಯಿಲ್ಲ.

ಬೀದಿಗೆ ಇಳಿದು ಬಾಗಿಲು ಬಾಗಿಲು ತಟ್ಟಿದೆ. ಏರಿ ಒಡೆಯುತ್ತದೆ, ಎದ್ದು ಶಾಲೆಯ ದಿಣ್ಣೆಗೆ ಹೋಗಿ ಎಂದೆ. ಹೆಂಗಸರು ಹೊರಗೆ ಬಂದು ಏರಿ ನೋಡಿದರು. ಬಿಸಿಲಲ್ಲಿ ಅದು ಎಂದಿನ ಹಾಗೇ ಮಲಗಿತ್ತು. ಊಟದ ಹೊತ್ತು, ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಗ್ರಾಮ ಪಂಚಾಯಿತಿ ಸದಸ್ಯ ಲಿಂಗರಾಜು ಕೈಯಲ್ಲಿ ಊಟದ ತಟ್ಟೆ ಹಿಡಿದೇ ಬಾಗಿಲಿಗೆ ಬಂದ.

"ಏನ್ ಮೇಡಂ, ಮಾರಮ್ಮ ಮತ್ತೆ ಸ್ನಾನ ಮಾಡ್ಬುಟ್ಲಾ?"

ನಕ್ಕರು. ನಾನು ಅತ್ತುಕೊಂಡೇ ರೇಗಿದೆ. ನಿಮಗೆ ಬುದ್ಧಿ ಇಲ್ಲವಾ, ಸಾಯಬೇಕಾ ಎಂದೆಲ್ಲ ಕೂಗಾಡಿದೆ. ಅದು ಇನ್ನೂ ಕೆಟ್ಟದಾಯಿತು. ಪ್ಯಾಂಟು ಹಾಕಿಕೊಂಡ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಸಾವಿನ ಮಾತಾಡಿದರೆ ಯಾರು ತಾನೆ ಕೇಳುತ್ತಾರೆ? ಒಂದಿಬ್ಬರು ಬಾಗಿಲು ಹಾಕಿಕೊಂಡರು. ಕರಿಯಯ್ಯ ಬಂದು "ದಿಟ ಕಣ್ರಲಾ, ನಾನೇ ನೋಡ್ದೆ" ಎಂದ. ಸಾಯಂಕಾಲ ಎಂಜಿನಿಯರ್ ಬಂದು ನೋಡಲಿ, ಆಮೇಲೆ ನೋಡೋಣ ಎಂದ ಲಿಂಗರಾಜು. ಒಂದೂಕಾಲಾಯಿತು.

ಜಗಲಿಯ ಮೇಲಿಂದ ಚಿಕ್ಕಸಿದ್ದಮ್ಮ ನನ್ನನ್ನು ಕರೆದಳು. "ಎಲ್ಲಿ ತಣ್ಣಗಾಗದೆ ಅಂದೆ?"

"ಗುಡಿ ಮುಂದೆ. ನೀವು ನೀರು ಹಾಕೋ ಜಾಗದಲ್ಲೇ."

ಅವಳು ತಲೆಯೆತ್ತಿ ಗುಡಿಯ ಕಡೆ ನೋಡಿದಳು. "ಓದ್ ತಿಂಗ್ಳಿಂದ ನೀರು ಉಯ್ದ್ರೆ ಇಂಗ್ತಾನೇ ಇರ್ನಿಲ್ಲ ಕಣವ್ವ. ಅಂಗೇ ನಿಂತ್ಕತಿತ್ತು. ಅಮ್ಮಂಗೆ ಒಟ್ಟೆ ತುಂಬ್ಯದೆ, ಸಾಕು ಅಂತಾವ್ಳೆ ಅಂದ್ಕಂಡಿದ್ದೆ."

ಅವಳ ಮುಖವನ್ನು ನೋಡಿದೆ. ಅವಳಿಗೂ ಕಂಡಿತ್ತು, ನನ್ನ ಯಂತ್ರಕ್ಕೂ ಕಂಡಿತ್ತು. ಒಬ್ಬರನ್ನೊಬ್ಬರು ಕೇಳಿರಲಿಲ್ಲ.

ಅವಳು ಎದ್ದಳು. ಒಳಗೆ ಹೋಗಿ ಗೋಡೆಯ ಮಾಡಿನಿಂದ ಗುಡಿಯ ಬೀಗದ ಕೈ ತಂದಳು. ಬಿಚ್ಚುಗೂದಲಲ್ಲೇ ಏರಿಯ ಮೆಟ್ಟಿಲು ಹತ್ತತೊಡಗಿದಳು. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಾಗ ಬೀದಿಯ ಹೆಂಗಸರು ಕಿರುಚಿಕೊಂಡರು.

"ಅಕ್ಕಾ, ಸೂತಕ ಕಣಕ್ಕಾ! ಮುಟ್ಬ್ಯಾಡ ಕಣಕ್ಕಾ!"

ಅವಳು ಹಿಂದೆ ನೋಡಲಿಲ್ಲ. ಬಾಗಿಲು ತೆಗೆದಳು. ಮಾರಮ್ಮನ ಹಿತ್ತಾಳೆ ಮುಖವನ್ನು ಎರಡು ಕೈಯಲ್ಲಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಹೊರಗೆ ಬಂದಳು. ಅವಳ ಕಾಲ ಕೆಳಗಿನ ನೆಲ ಯಾವಾಗ ಬಾಯಿ ಬಿಡುತ್ತದೋ ಎಂದು ನಾನು ನೋಡುತ್ತಿದ್ದೆ. ಮೆಟ್ಟಿಲಿಳಿದು, ಬೀದಿಯ ಈ ತುದಿಯಿಂದ ಆ ತುದಿಗೆ, ಪ್ರತಿ ಬಾಗಿಲ ಮುಂದೂ ಒಂದು ಗಳಿಗೆ ನಿಂತು ನಡೆದಳು. ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ. ಶಾಲೆಯ ದಿಣ್ಣೆಯ ಕಡೆ ತಿರುಗಿದಳು.

"ಅಮ್ಮ ಓಯ್ತಾವ್ಳೆ" ಎಂದು ಯಾರೋ ಮುದುಕಿ ಅಂದಳು.

ದೇವಿ ಜಾಗ ಬಿಟ್ಟು ಎದ್ದ ಮೇಲೆ ಅವಳ ಹಿಂದೆ ಉಳಿಯುವಂತಿಲ್ಲ. ಅದು ಆ ಊರಿನಲ್ಲಿ ಹಿಂದಿನಿಂದ ಬಂದದ್ದು. ಒಲೆಯ ಮೇಲಿನ ಎಸರು ಹಾಗೇ ಬಿಟ್ಟು ಜನ ಹೊರಬಿದ್ದರು. ಮಕ್ಕಳು, ಎತ್ತು, ಆಡು, ಎದ್ದೇಳಲಾಗದ ಒಬ್ಬ ಅಜ್ಜನನ್ನು ಮಂಚದ ಸಮೇತ. ಬಯ್ಯುತ್ತ, ಅಳುತ್ತ, ಎಲ್ಲರೂ. ಲಿಂಗರಾಜು ಕೊನೆಯಲ್ಲಿ ಬಂದ. ಅವನ ಕೈ ಇನ್ನೂ ಎಂಜಲಾಗಿತ್ತು.

ಎರಡು ಗಂಟೆ ಹತ್ತು ನಿಮಿಷಕ್ಕೆ ಗುಡಿಯ ಹಿಂದಿನ ಬೇವಿನ ಮರ ಮೆಲ್ಲಗೆ ಬಾಗಿತು. ಗಾಳಿ ಇರಲಿಲ್ಲ. ಮರ ಬಿದ್ದ ಜಾಗದಿಂದ ಮೊದಲು ಒಂದು ಬಾವಿಯ ಅಗಲಕ್ಕೆ ಕೆಂಪು ನೀರು ಚಿಮ್ಮಿತು. ಆಮೇಲೆ ಗುಡಿ ಕೂತ ಹಾಗೇ ಒಳಗೆ ಇಳಿದುಹೋಯಿತು. ಆಮೇಲಿನದರಲ್ಲಿ ನನಗೆ ನೆನಪಿರುವುದು ಸದ್ದು ಮಾತ್ರ. ತಗ್ಗಿನ ಬೀದಿಯ ಹದಿನೆಂಟು ಮನೆ ಗೋಡೆ ಸಮೇತ ಹೋದವು, ಮಿಕ್ಕವು ನಿಂತಲ್ಲೇ ಕುಸಿದವು. ಜನ ಒಬ್ಬರೂ ಸಾಯಲಿಲ್ಲ. ಕರಿಯಯ್ಯ ಮೂರು ಸಲ ಎಣಿಸಿದ. ಒಂದು ಕರುವಿನ ಹಗ್ಗ ಬಿಚ್ಚುವುದನ್ನು ಯಾರೋ ಮರೆತಿದ್ದರು, ಅದರ ತಾಯಿ ದಿಣ್ಣೆಯ ಮೇಲೆ ನಿಂತು ಸಂಜೆಯವರೆಗೂ ಕೂಗಿತು.

ವೀರಭದ್ರಸ್ವಾಮಿ ಬಂದರು. ಒಡೆದ ಏರಿ ನೋಡಿ ಅವರ ಮುಖ ಬಿಳಿಚಿಕೊಂಡಿತು. ಶಾಲೆಯ ಜಗಲಿಯ ಮೇಲೆ ಎಲ್ಲರ ಎದುರಿಗೆ ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಯಂತ್ರ ನೂರೈವತ್ತು ಜೀವ ಉಳಿಸ್ತು ಮೇಡಂ. ನಾನೇ ರಿಪೋರ್ಟ್ ಬರೀತೀನಿ" ಎಂದರು.

ಯಾರೂ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಕಣ್ಣೆಲ್ಲ ಜಗಲಿಯ ಆ ಮೂಲೆಯಲ್ಲಿತ್ತು. ಚಿಕ್ಕಸಿದ್ದಮ್ಮ ದೇವಿಯ ಮುಖವನ್ನು ಒಂದು ಬೆಂಚಿನ ಮೇಲಿಟ್ಟು, ದೂರ, ಒಬ್ಬಳೇ ಕೂತಿದ್ದಳು. ಅವಳ ಸುತ್ತ ಎರಡು ಮಾರು ಜಾಗ ಖಾಲಿ ಬಿಟ್ಟಿದ್ದರು. ಅವಳ ಮನೆಯೂ ಹೋಗಿತ್ತು. ಒಬ್ಬರೂ ಅವಳಿಗೆ ನೀರು ಕೊಟ್ಟಿರಲಿಲ್ಲ.

"ಸೂತಕ್ದಲ್ಲಿ ಮುಟ್ಟುದ್ಲು. ಅಮ್ಮ ಮುನುದ್ಲು. ಅದಕ್ಕೇ ಏರಿ ಓಯ್ತು" ಎಂದ ಲಿಂಗರಾಜು. "ಅವ್ಳು ಮುಟ್ಟಿ ಒಂದ್ ಗಂಟೆ ಆಗ್ನಿಲ್ಲ, ನೋಡುದ್ರಲ್ಲ ಎಲ್ಲಾರೂವೆ."

ಹೌದು ಹೌದು ಎಂಬ ದನಿಗಳು ಎದ್ದವು. ಜೀವ ಉಳಿಸಿದವಳ ಮೇಲೆ ಮೂವತ್ತೆರಡು ಮನೆಯ ದುಃಖ ಹೋಗಿ ಬಿತ್ತು. ನನಗೆ ಮೈ ಉರಿಯಿತು. ಆದರೆ ಉರಿಯ ಹಿಂದೆಯೇ ಭಯವೂ ಬಂತು. ಅವಳು ಮುಟ್ಟುವ ಎಷ್ಟೋ ದಿನ ಮೊದಲೇ ಏರಿ ಹೋಗಿತ್ತು ಎಂದು ತೋರಿಸುವ ಸಾಕ್ಷಿ ಇಡೀ ಊರಿನಲ್ಲಿ ನನ್ನ ಚೀಲದೊಳಗೆ ಮಾತ್ರ ಇತ್ತು. ಅದನ್ನು ತೋರಿಸಿದರೆ ಇನ್ನೊಂದನ್ನೂ ತೋರಿಸಬೇಕಾಗುತ್ತದೆ. ಸುಮ್ಮನಿದ್ದರೆ ನಾನು ನೂರೈವತ್ತು ಜೀವ ಉಳಿಸಿದವಳು. ಸುಮ್ಮನಿರಬೇಕು ಅಂತ ನನಗೆ ಅನ್ನಿಸಿತು, ಅದೂ ಜೋರಾಗಿಯೇ ಅನ್ನಿಸಿತು.

ಲ್ಯಾಪ್‌ಟಾಪ್ ತೆಗೆದು ಜಗಲಿಯ ಮಧ್ಯೆ ಇಟ್ಟೆ.

"ಇಲ್ಲಿ ನೋಡಿ" ಎಂದೆ. "ಈ ಗೆರೆ ಬಿದ್ದಿರೋದು ಸೆಪ್ಟೆಂಬರ್ ಇಪ್ಪತ್ಮೂರಕ್ಕೆ. ಅವತ್ತಿನಿಂದ ಕೆರೆ ಏರಿಯೊಳಗೆ ಹರೀತಾ ಇತ್ತು. ಆಗ ಮಹದೇವಪ್ಪನವರು ಬದುಕಿದ್ರು, ಸೂತಕ ಇರಲಿಲ್ಲ, ಇವರು ಯಾವ ತಪ್ಪೂ ಮಾಡಿರಲಿಲ್ಲ. ಯಂತ್ರಕ್ಕೆ ಗೊತ್ತಾಗಿತ್ತು. ನಾನು ಅದರ ಬಾಯಿ ಕಟ್ಟಿದ್ದೆ. ಆ ಜಾಗದಲ್ಲಿ ಏನು ಬಂದರೂ ಹೇಳಬೇಡ ಅಂತ ಆಗಸ್ಟಿನಲ್ಲಿ ಬರೆದಿಟ್ಟಿದ್ದೆ. ನಾಲ್ಕು ವಾರ ಮೊದಲೇ ನೀರು ಇಳಿಸಿದ್ದರೆ ನಿಮ್ಮ ಮನೆ ಉಳೀತಿದ್ವು. ತಪ್ಪು ನನ್ನದು."

ವೀರಭದ್ರಸ್ವಾಮಿ ನನ್ನ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಲಿಂಗರಾಜು ಬಗ್ಗಿ ಪರದೆಯನ್ನು ಬಹಳ ಹೊತ್ತು ನೋಡಿದ. ಜನ ಒಬ್ಬೊಬ್ಬರಾಗಿ ನನ್ನಿಂದ ಹಿಂದೆ ಸರಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಚಿಕ್ಕಸಿದ್ದಮ್ಮ ಎದ್ದು ಬಂದಳು. ಜನ ದಾರಿ ಬಿಟ್ಟರು. "ನಾನು ಉಯ್ದಿದ್ ನೀರೂ ಇದ್ರಾಗದಾ?" ಎಂದಳು.

"ಇದೆ." ಆಗಸ್ಟಿನ ದಿನಗಳನ್ನು ತೋರಿಸಿದೆ. "ಇದು ಮಂಗಳವಾರ. ಇದು ಶುಕ್ರವಾರ. ಒಂದು ದಿನವೂ ನೀವು ತಪ್ಪಿಸಿಲ್ಲ. ಬೇರೆಯಾಗಿ ಕಾಣೋದರಲ್ಲಿ ಇದು ಕಡೇದು, ಸೆಪ್ಟೆಂಬರ್ ಇಪ್ಪತ್ತು."

ಕಡೆಯ ತಗ್ಗಿನ ಮೇಲೆ ಅವಳು ಬೆರಳಿಟ್ಟಳು. "ಅವತ್ತು ಭಾವನೇ ಗಂಟೆ ಬಾರುಸ್ತಾ ನಿಂತಿದ್ರು" ಎಂದಳು. ಬೆರಳು ಅಲ್ಲೇ ಇತ್ತು. "ಇಷ್ಟೆಲ್ಲ ಕಾಣುಸ್ತಿದ್ರೂ ಯಾಕವ್ವ ಮುಚ್ಬುಟ್ಟೆ?"

"ಸಿಟ್ಟು ಬಂದಿತ್ತು."

"ನಕ್ರು ಅಂತಾನಾ?"

"ಹೂಂ."

ಅವಳು ಒಡೆದ ಏರಿಯ ಕಡೆ ನೋಡಿದಳು. ಬೀದಿ ಇದ್ದ ಕಡೆ ಕೆಂಪು ನೀರು ಇನ್ನೂ ಹರಿಯುತ್ತಿತ್ತು.

"ನಕ್ರು ಅಂತ" ಎಂದಳು, ಅಷ್ಟೇ.

ನನಗೆ ಅವತ್ತಿನವರೆಗೆ ಯಾರೂ ಹಾಗೆ ಬೈದಿರಲಿಲ್ಲ. ನಿಂತಲ್ಲೇ ಅತ್ತೆ. ಅವಳು ತನ್ನ ಮೂಲೆಗೆ ಹೋಗಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೈ ಬೀಸಿದಳು.

"ಬಾ, ಇಲ್ಲೇ ಕೂತ್ಕ. ಈ ಕಡೀಕೆ ಯಾರೂ ಬರಾಕಿಲ್ಲ."

ಆ ಖಾಲಿ ಬಿಟ್ಟ ಎರಡು ಮಾರು ದಾಟಿ ಹೋಗಿ ಅವಳ ಪಕ್ಕ ಕೂತೆ. ಅವಳ ಸೀರೆಯ ಸೆರಗು ಕೆಸರಾಗಿತ್ತು, ಮೈ ತಣ್ಣಗಿತ್ತು. ಲಿಂಗರಾಜುವಿನ ಹೆಂಡತಿ ರಾಣಿ ಶಾಲೆಯ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ತಂದಳು. ಗಂಡನ ಕಡೆ ನೋಡದೆ ನಮ್ಮ ಮುಂದೆ ಬಂದು ಬಗ್ಗಿದಳು. ನೆಲಕ್ಕೆ ಇಡಲಿಲ್ಲ, ಚಿಕ್ಕಸಿದ್ದಮ್ಮನ ಕೈಗೇ ಕೊಟ್ಟಳು.

ಅವಳು ಅರ್ಧ ಕುಡಿದು ಚೊಂಬನ್ನು ನನಗೆ ಕೊಟ್ಟಳು.